ಜಾಲರಿಯ ಹತ್ತು ಪಟ್ಟಿ

ನಮ್ಮೂರಿನಲ್ಲಿ ಟಿಂಕರಿಂಗ್ ಅಂಗಡಿ ಒಂದೂ ಇಲ್ಲ. ಎಂಜಿನ್ ಕೆಟ್ಟರೆ ನೋಡುವವರಿದ್ದಾರೆ, ಪಂಕ್ಚರ್ ಹಾಕುವವರಿದ್ದಾರೆ. ನೆಗ್ಗಿದ ತಗಡನ್ನು ಬಡಿದು ನೇರ ಮಾಡುವವರು, ಗೀರು ಬಿದ್ದಲ್ಲಿ ಬಣ್ಣ ಹೊಡೆಯುವವರು ಮಾತ್ರ ಯಾರೂ ಇಲ್ಲ. ಅವರು ಇರಬೇಕಾಗಿದ್ದ ಸಾಲಿನಲ್ಲಿ ಎಣ್ಣೆ ತಿಕ್ಕುವವರ ಅಂಗಡಿಗಳು ನಾಲ್ಕಿವೆ. ಗಾಡಿಗೆ ಬೆಳಿಗ್ಗೆ ಪೆಟ್ಟು ಬಿದ್ದರೆ ದೀಪ ಹಚ್ಚುವ ಹೊತ್ತಿಗೆ ಅದು ಪಾಲಿಸಿಗೆ ಸಹಿ ಹಾಕಿದವರ ಮೈಗೆ ಇಳಿಯುತ್ತದೆ. ತಗಡು ತಾನಾಗಿ ನೇರವಾಗುತ್ತದೆ. ಮರುದಿನ ಗಾಡಿ ಓಡಿಸುವವರು ಕೆಲಸಕ್ಕೆ ಹೋಗುತ್ತಾರೆ, ಸಹಿ ಹಾಕಿದವರು ಎಣ್ಣೆ ಅಂಗಡಿಗೆ ಹೋಗುತ್ತಾರೆ. ಇಬ್ಬರೂ ಒಬ್ಬರೇ ಆಗಿದ್ದರೆ ಮೊದಲು ಎಣ್ಣೆ ಅಂಗಡಿ.

ಹೀಗಾಗಿ ನಮ್ಮಲ್ಲಿ ಯಾರೂ ಗಾಡಿಯನ್ನು ಜೋರಾಗಿ ಓಡಿಸುವುದಿಲ್ಲ. ಕೀಲಿ ತಿರುಗಿಸುವ ಮುನ್ನ "ಯಾರ ಮೈ?" ಎಂದು ಕೇಳುವುದು ರೂಢಿ. ಸಹಿ ಹಾಕಿದವರು ಹತ್ತಿರವಿದ್ದರೆ "ನನ್ನ ಮೈ" ಎನ್ನಬೇಕು, ಇಲ್ಲದಿದ್ದರೆ ಬೇರೆ ಯಾರಾದರೂ ಅವರ ಹೆಸರು ಹೇಳಬೇಕು. ಆಮೇಲೆಯೇ ಗಾಡಿ ಹೊರಡುವುದು. ಹೆಣ್ಣು ನೋಡಲು ಬಂದವರ ಕಾರು ಯಾರ ಮೈಮೇಲಿದೆ ಎಂದು ಹೆಣ್ಣಿನ ಕಡೆಯವರು ಮೆಲ್ಲಗೆ ವಿಚಾರಿಸುತ್ತಾರೆ. ವಯಸ್ಸಾದ ತಂದೆಯ ಮೈಮೇಲಿಟ್ಟು ತಾನು ಓಡಿಸುವ ಗಂಡಿಗೆ ಹೆಣ್ಣು ಸಿಗುವುದು ಕಷ್ಟ. ಒಮ್ಮೆ ಯಾರೋ ಮೇಷ್ಟರೊಬ್ಬರ ಕಾರಿಗೆ ಮೊಳೆಯಲ್ಲಿ ಉದ್ದಕ್ಕೆ ಗೀರು ಎಳೆದಿದ್ದರಂತೆ. ಮೇಷ್ಟರು ಮರುದಿನ ತರಗತಿಗೆ ಬಂದು ಬೆನ್ನು ತಿರುಗಿಸಿ, ಅಂಗಿ ಎತ್ತಿ ತೋರಿಸಿದರು. ಅಂದಿನಿಂದ ಮಕ್ಕಳು ಗಾಡಿಗಳ ಹತ್ತಿರ ಗೋಲಿಯನ್ನೂ ಆಡುವುದಿಲ್ಲ.

ನಮ್ಮದು ಹೆಸರುಕಾಳಿನ ಬಣ್ಣದ ಹಳೆಯ ಕಾರು, ಮಾವನವರ ಕಾಲದ್ದು. ಅದರ ಮುಂದುಗಡೆಯ ಜಾಲರಿಯಲ್ಲಿ ಅಗಲವಾದ ಹತ್ತು ಅಡ್ಡಪಟ್ಟಿಗಳಿವೆ. ನನ್ನ ಮಗಳು ನಾಗವೇಣಿ ಎಣಿಸಲು ಕಲಿತದ್ದು ಆ ಪಟ್ಟಿಗಳ ಮೇಲೆ ಬೆರಳಿಟ್ಟು. ಆರರ ನಂತರ ಎಂಟಕ್ಕೆ ಹಾರುತ್ತಿದ್ದಳು. ಅವಳ ತಾತ ಬೆರಳನ್ನು ಹಿಡಿದು ಹಿಂದಕ್ಕೆ ತಂದು ಏಳರ ಮೇಲೆ ಇಡುತ್ತಿದ್ದರು.

ಈಗ ಆ ಕಾರಿನ ಕೆಲಸ ರೊಟ್ಟಿ ಸಾಗಿಸುವುದು. ನಾನು ಖಡಕ್ ರೊಟ್ಟಿ ಮಾಡಿ ಮೂರು ಹಾಸ್ಟೆಲಿಗೆ ಕೊಡುತ್ತೇನೆ. ನಾನು ತಟ್ಟುವುದು, ಅತ್ತೆ ಒಣಗಿಸಿ ಅಡಕುವುದು, ಮೊದಲು ಮಾವನವರು, ಅವರ ನಂತರ ನಮ್ಮ ಮನೆಯವರು ಕಾರಿನಲ್ಲಿ ಒಯ್ದು ಮುಟ್ಟಿಸುವುದು ಎಂದು ಹದಿನೈದು ವರ್ಷ ನಡೆಯಿತು. ನಮ್ಮ ಮನೆಯವರ ಹೆಸರು ಕೊಟ್ರೇಶ. ಮಾವನವರ ನಂತರ ಕಾರಿನ ಪಾಲಿಸಿ ಅವರ ಸಹಿಯಲ್ಲಿತ್ತು. ಅವರು ಕಾರನ್ನು ಚೆನ್ನಾಗಿ ಓಡಿಸುತ್ತಿದ್ದರು ಎಂದು ನಾನು ಬರೆದರೆ ಓದಿದವರು ನಗುತ್ತಾರೆ. ಹಾಸ್ಟೆಲಿನ ಗೇಟು, ಮನೆಯ ಕಾಂಪೌಂಡು, ಬ್ಯಾಂಕಿನ ಮುಂದಿನ ಕಲ್ಲುಗಂಬ, ಎಲ್ಲಕ್ಕೂ ಒಂದೊಂದು ಸಲ ಗುದ್ದಿದ್ದಾರೆ. ಆದರೆ ಸಂಜೆ ನೋಡಿದರೆ ಅಷ್ಟು ದೊಡ್ಡ ಪೆಟ್ಟಿಗೆ ಇಷ್ಟೇ ಇಷ್ಟು ಬಾವು. ತಮ್ಮ ಮೈ ಕಬ್ಬಿಣದ್ದು ಎಂದು ಚಹಾದಂಗಡಿಯಲ್ಲಿ ತೋಳು ಮಡಚಿ ತೋರಿಸಿ ಬರುತ್ತಿದ್ದರು.

ಆ ಕಬ್ಬಿಣದ ಎದೆಯನ್ನು ಹೋದ ಬೇಸಿಗೆಯಲ್ಲಿ ಸೀಳಿ ಆಪರೇಷನ್ ಮಾಡಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಒಂದು ವರ್ಷ ಎದೆಗೆ ಒಂದು ಗುದ್ದೂ ಬೀಳಬಾರದು, ಬಿದ್ದರೆ ನಾನು ಏನೂ ಮಾಡಲಾರೆ ಎಂದರು. ಗಾಡಿಯ ಯಾವ ಭಾಗ ಮೈಯ ಯಾವ ಭಾಗ ಎನ್ನುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹೆಡ್‌ಲೈಟು ಹುಬ್ಬು, ಬಾಗಿಲುಗಳು ಪಕ್ಕೆ, ಹಿಂದಿನ ಡಿಕ್ಕಿ ಸೊಂಟ. ಮುಂದುಗಡೆಯ ಜಾಲರಿ ಎದೆ.

ಕಾರು ನಿಲ್ಲಿಸಿದರೆ ರೊಟ್ಟಿ ನಿಲ್ಲುತ್ತದೆ, ರೊಟ್ಟಿ ನಿಂತರೆ ಒಲೆ ನಿಲ್ಲುತ್ತದೆ. ಕಾಲೇಜು ಮುಗಿಸಿ ಮನೆಯಲ್ಲಿದ್ದ ವೇಣಿ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ಇನ್ನು ಉಳಿದದ್ದು ಸಹಿ. ಹಳೆಯ ಸಹಿ ತೆಗೆಯಬೇಕಾದರೆ ಹಾಕಿದವರೇ ಕಚೇರಿಗೆ ಬಂದು ಬಿಟ್ಟುಕೊಡಬೇಕು. ಸಹಿಯನ್ನು ನನಗೆ ಬಿಟ್ಟುಕೊಡಿ ಎಂದು ನಮ್ಮವರನ್ನು ಒಂದು ವಾರ ಕೇಳಿದೆ. ಊಟ ಬಡಿಸುವಾಗ ಕೇಳಿದೆ, ಮಾತ್ರೆ ಕೊಡುವಾಗ ಕೇಳಿದೆ.

"ನಿನ್ನ ಮೈ ಒಲೆ ಮುಂದೆ ಬೆಂದಿದ್ದು ಸಾಕು," ಎಂದರು ಅವರು. "ಇನ್ನು ಗೋಡೆಗೂ ಗುದ್ದಿಸ್ಕೋಬೇಕಾ? ವೇಣಿ ಹುಷಾರಾಗಿ ಓಡಿಸ್ತಾಳೆ. ಬಿಡು."

ಅವರು ಬಿಡು ಎಂದ ಮೇಲೆ ಆ ಮಾತು ಮುಗಿದಂತೆಯೇ. ನಾನೂ ಬಿಟ್ಟಂತೆ ಇದ್ದು, ಒಂದು ಮಂಗಳವಾರ ಹಾಸ್ಟೆಲಿಗೆ ಲೆಕ್ಕ ಕೇಳಿ ಬರುತ್ತೇನೆಂದು ಹೇಳಿ ಸ್ಟೇಷನ್ ರಸ್ತೆಯ ಪಾಲಿಸಿ ಕಚೇರಿಗೆ ಹೋದೆ. ಊರಿಗೆ ಅಂಥ ಕಚೇರಿಗಳು ಐದಿವೆ. ಪೇಟೆ, ಕೋಟೆ, ಸ್ಟೇಷನ್, ಕೆರೆ ಏರಿ, ಹೊಸ ಬಡಾವಣೆ. ಒಂದರ ಪುಸ್ತಕವನ್ನು ಇನ್ನೊಂದು ನೋಡುವುದಿಲ್ಲ. ನಮ್ಮ ಮನೆಯವರ ಸಹಿ ಇದ್ದದ್ದು ಪೇಟೆ ಕಚೇರಿಯಲ್ಲಿ.

ಸ್ಟೇಷನ್ ಕಚೇರಿಯಲ್ಲಿ ಕೂರುವವರು ಮುಪ್ಪಣ್ಣ ಎಂಬ ವಯಸ್ಸಾದವರು. ಅವರ ತಲೆಯ ಮೇಲೆ ಗೋಡೆಗೆ ಹಾಕಿದ ಬೋರ್ಡಿನಲ್ಲಿ ಹಸಿರು ಅಕ್ಷರದಲ್ಲಿ "ಒಂದು ಗಾಡಿಗೆ ಒಂದೇ ಮೈ" ಎಂದು ಬರೆದಿತ್ತು. ಐದೂ ಕಚೇರಿಗಳಲ್ಲಿ ಆ ಬೋರ್ಡು ಇದೆ. ಬರೆದದ್ದು ನನ್ನ ಮೈದುನ ಬಕ್ಕೇಶ. ಅಕ್ಷರದ ಬಾಲ ಎಳೆಯುವ ರೀತಿಯಲ್ಲೇ ಗೊತ್ತಾಗುತ್ತದೆ. ಮುಪ್ಪಣ್ಣನವರು ಫಾರಂ ತುಂಬುತ್ತ, ಈ ಗಾಡಿಗೆ ಮೊದಲೇ ಪಾಲಿಸಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನೋಡವ್ವ, ಎರಡು ಸಹಿ ಬಿದ್ರೆ ಏನಾಗ್ತೈತೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ಹೊಸ ಸಹಿ ಎಲ್ಲಾನೂ ತನ್ನ ಕಡೆ ಎಳ್ಕೊಳ್ತೈತೆ ಅಂತಾರೆ ಕೆಲವರು. ಇಬ್ರಿಗೂ ಪೂರ್ತಿ ಬೀಳ್ತೈತೆ ಅಂತಾರೆ ಇನ್ನು ಕೆಲವರು. ಲಾರಿ ಅಣ್ಣತಮ್ಮಂದಿರ ಕಥೆ ಕೇಳಿದ್ಯಲ್ಲ?"

ಅದು ಊರಿಗೆಲ್ಲ ಗೊತ್ತಿರುವ ಕಥೆ. ಬಹಳ ಹಿಂದೆ ಇಬ್ಬರು ಅಣ್ಣತಮ್ಮಂದಿರು ಒಂದೇ ಲಾರಿಗೆ ಒಬ್ಬರಿಗೊಬ್ಬರು ಹೇಳದೆ ಸಹಿ ಹಾಕಿದ್ದರು. ಲಾರಿ ಏರಿಯಿಂದ ಕೆರೆಗೆ ಉರುಳಿತು. ಇಬ್ಬರೂ ಮೂರು ತಿಂಗಳು ಹಾಸಿಗೆ ಹಿಡಿದರು. ಅದಕ್ಕೇ ಆ ಬೋರ್ಡು.

ಕೇಳಿದ್ದೇನೆ ಎಂದು ಹೇಳಿ ಸಹಿ ಹಾಕಿದೆ. ಹೊಸ ಸಹಿ ಎಳೆದುಕೊಳ್ಳುತ್ತದೆ ಎನ್ನುವುದನ್ನು ನಂಬಿಕೊಂಡು ಮನೆಗೆ ಬಂದೆ. ಆದರೆ ಹಿಟ್ಟು ನಾದುವಾಗ ಆ ಅಣ್ಣತಮ್ಮಂದಿರು ನೆನಪಾಗುತ್ತಿದ್ದರು. ನಾನು ಸಹಿ ಹಾಕಿಯೂ ಅವರ ಎದೆಗೆ ಬೀಳುವುದು ಬಿದ್ದೇ ಬಿದ್ದರೆ ನಾನು ಮಾಡಿದ್ದೇನು? ಮನೆಯಲ್ಲಿ ಒಬ್ಬರ ಬದಲು ಇಬ್ಬರನ್ನು ಮಲಗಿಸಿದಂತೆ. ನಾನೂ ಮಲಗಿದರೆ ಅವರಿಗೆ ಗಂಜಿ ಕಾಯಿಸುವವರು ಯಾರು? ಹೇಳಿಬಿಡಲೇ ಎಂದು ಎಷ್ಟೋ ಸಲ ಅವರ ಮುಂದೆ ಹೋಗಿ ನಿಂತು, ನೀರು ಬೇಕೇ ಎಂದು ಕೇಳಿ ಹಿಂದೆ ಬಂದಿದ್ದೇನೆ.

ಬಕ್ಕೇಶನ ವಿಷಯ ಇಲ್ಲೇ ಹೇಳಿಬಿಡಬೇಕು. ಅವನು ನಮ್ಮ ಮನೆಯವರಿಗೆ ಒಬ್ಬನೇ ತಮ್ಮ. ಎರಡು ಬೀದಿ ಆಚೆ ಇದ್ದಾನೆ, ಮದುವೆಯಾಗಿಲ್ಲ, ಅಂಗಡಿಗಳಿಗೆ ಬೋರ್ಡು ಬರೆಯುತ್ತಾನೆ. ಮೂರು ವರ್ಷದ ಹಿಂದೆ ಮಾವನವರು ತೀರಿಕೊಂಡಾಗ ಕಾರಿನ ಸಹಿ ಯಾರು ಹಾಕಬೇಕೆಂದು ಮಾತು ಬಂತು. ನಾನು ಏಣಿಯ ಮೇಲೆ ಕೆಲಸ ಮಾಡುವವನು, ಮೇಲಿರುವಾಗ ಪೆಟ್ಟು ಇಳಿದರೆ ಕೆಳಗೆ ಬೀಳುತ್ತೇನೆ ಎಂದ ಅವನು. ತಪ್ಪೇನೂ ಇರಲಿಲ್ಲ. ಆದರೆ ತಂದೆ ಹೋದ ದುಃಖದಲ್ಲಿದ್ದ ನಮ್ಮವರು ನೆಂಟರೆಲ್ಲರ ಎದುರಿಗೆ ಅವನನ್ನು ಮೈಗಳ್ಳ ಎಂದರು. ನಮ್ಮೂರಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಬಕ್ಕೇಶ ಎದ್ದು ಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಆಪರೇಷನ್ ಆದಾಗ ಆಸ್ಪತ್ರೆಯ ಗೇಟಿನವರೆಗೆ ಬಂದು ನಿಂತಿದ್ದನೆಂದು ಯಾರೋ ಹೇಳಿದರು, ಒಳಗೆ ಬರಲಿಲ್ಲ. ಆ ಬೈಗುಳ ಮಾತ್ರ ಅವನಿಗೆ ಅಂಟಿಕೊಂಡಿತು. ಐದು ಗಂಟೆ ಹೊಡೆಯುತ್ತಲೇ ಅವನು, ಅಕ್ಷರ ಅರ್ಧಕ್ಕೆ ನಿಂತಿದ್ದರೂ, ಏಣಿ ಇಳಿದು ಮನೆಗೆ ಹೋಗುತ್ತಿದ್ದ. ಮೈಗಳ್ಳ ಇಳಿದ, ಗಡಿಯಾರ ಸರಿ ಮಾಡಿಕೊಳ್ಳಿ ಎಂದು ಅಂಗಡಿಯವರು ನಗುತ್ತಿದ್ದರು.

ಕುಕ್ಕರ್ ಇಳಿಸಿ ಬಂದೆ. ಎಲ್ಲಿದ್ದೆ? ಹಾಂ, ಕಾರಿಗೆ ಪೆಟ್ಟು ಬಿದ್ದ ಗುರುವಾರ.

ಆಪರೇಷನ್ ಆದಮೇಲೆ ಐದು ತಿಂಗಳು ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ವೇಣಿ ದಿನಾ ಹೊರಡುವ ಮುನ್ನ "ಯಾರ ಮೈ?" ಎನ್ನುವಳು, ಅವರಪ್ಪ ಮಂಚದ ಮೇಲಿಂದ "ನನ್ನ ಮೈ, ನೋಡ್ಕೊಂಡ್ ಹೋಗು" ಎನ್ನುವರು. ಆ ದಿನವೂ ಹಾಗೆಯೇ ಹೋದಳು. ಹನ್ನೊಂದು ಗಂಟೆಗೆ ಫೋನ್ ಬಂತು. ನನಗೇನೂ ಆಗಿಲ್ಲ ಎಂದು ಮೊದಲು ಹೇಳಿ, ಆಮೇಲೆ ಅಳತೊಡಗಿದಳು.

ನಡೆದದ್ದು ಇಷ್ಟು. ಹೂವಿನ ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಸ್ಕೂಟರು ಅಡ್ಡ ಬಂದಿತ್ತು. ಅದು ಯಾರ ಮೈಮೇಲಿದೆಯೋ ಗೊತ್ತಿಲ್ಲ. ಬಸುರಿಯದೋ, ಬಾಣಂತಿಯದೋ. ಇಂಥ ಹೊತ್ತಿನಲ್ಲಿ ನಮ್ಮೂರಿನವರು ಯಾರೇ ಆದರೂ ಮಾಡುವುದನ್ನೇ ಅವಳೂ ಮಾಡಿದಳು. ಎದುರಿನ ಗಾಡಿಯನ್ನು ತಪ್ಪಿಸಿ ಕಲ್ಲಿನ ಕಡೆ ತಿರುಗಿಸಿದಳು. ಮಾರ್ಕೆಟ್ಟಿನ ಕಮಾನಿನ ಕಲ್ಲುಕಂಬಕ್ಕೆ ಕಾರು ನೇರವಾಗಿ ಹೋಗಿ ಗುದ್ದಿತು. ಜಾಲರಿಯ ಹತ್ತು ಪಟ್ಟಿಗಳೂ ಒಳಗೆ ಹೋದವು. ತಿರುಗಿಸಿದ ಮೇಲೆಯೇ ಅವಳಿಗೆ ಅಪ್ಪನ ನೆನಪಾದದ್ದು.

ಪೆಟ್ಟು ಬಿದ್ದ ಮೇಲೆ ಸಹಿ ಬದಲಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಮಲಗಿಸಬೇಡಿ, ಒರಗಿ ಕೂರಿಸಿ, ನಾಲಿಗೆಯ ಕೆಳಗಿಡುವ ಮಾತ್ರೆ ಕೈಯಲ್ಲಿರಲಿ, ಆರು ಗಂಟೆಗೆ ಆಂಬುಲೆನ್ಸ್ ಬಾಗಿಲಿಗೆ ಕಳಿಸುತ್ತೇನೆ ಎಂದರು.

ನಮ್ಮವರಿಗೆ ನಾನೇ ಹೇಳಿದೆ. ಅವರು ಓದುತ್ತಿದ್ದ ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಮಗಳು ಅತ್ತು ಕೆಂಪಾದ ಮುಖದಲ್ಲಿ ಒಳಗೆ ಬಂದಾಗ ಅವಳನ್ನು ಹತ್ತಿರ ಕೂರಿಸಿಕೊಂಡರು.

"ಸ್ಕೂಟರ್‌ನೋರಿಗೆ ಏನೂ ಆಗಿಲ್ವಲ್ಲ?" ಎಂದು ಕೇಳಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು. "ಸರಿಯಾಗೇ ಮಾಡಿದ್ಯ. ಅಳಬೇಡ. ನನ್ನ ಮೈ ಕಬ್ಬಿಣ, ಗೊತ್ತಲ್ಲ ನಿಂಗೆ."

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನಾನು ಕಂಡಿಲ್ಲ. ಕಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ ಹೋದರು. ಅದರ ಮುಖ ನೋಡಲಾಗಲಿಲ್ಲ. ನಾನು ರೊಟ್ಟಿಯ ಬುಟ್ಟಿಗಳನ್ನು ಇಳಿಸಿದೆ. ಎಲ್ಲ ಚೂರು ಚೂರು. ಅದನ್ನೇ ಆರಿಸುತ್ತ ಕೂತೆ, ಕೈಗೆ ಏನಾದರೂ ಬೇಕಿತ್ತು. ಮನಸ್ಸಿನಲ್ಲಿ ಒಂದೇ ಮಾತು. ಎಲ್ಲ ನನ್ನ ಕಡೆ ಬರಲಿ. ಹೊಸ ಸಹಿ ಎಳೆದುಕೊಳ್ಳಲಿ.

ನಾಲ್ಕು ಗಂಟೆಗೆ ನಾನು ಒಳಗೆ ಹೋಗಿ ಕುಪ್ಪಸದ ಒಳಗೆ ಹಳೆಯ ಟವೆಲೊಂದನ್ನು ಮಡಚಿ ಕಟ್ಟಿಕೊಂಡೆ. ಅದರಿಂದ ಏನೂ ಪ್ರಯೋಜನವಿಲ್ಲ, ಪೆಟ್ಟು ಇಳಿಯುವುದು ಬಟ್ಟೆ ಕೇಳಿಕೊಂಡಲ್ಲ. ಆದರೂ ಕಟ್ಟಿಕೊಂಡೆ. ಈಚೆ ಬಂದರೆ ಅತ್ತೆ ಅಂಥ ಸೆಕೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಚಳಿ ಎಂದರು. ವೇಣಿ ದುಪಟ್ಟವನ್ನು ಎದೆಗೆ ನಾಲ್ಕು ಸುತ್ತು ಸುತ್ತಿಕೊಂಡು ಗಂಟು ಹಾಕಿದ್ದಳು. ನಾನು ಅವಳನ್ನು ಪಕ್ಕದ ಮನೆಗೆ ಹೋಗಿ ಕೂತುಕೊಳ್ಳೆಂದು ಹೇಳಿದೆ. ಅವಳು ನನ್ನನ್ನು ಹಿತ್ತಲಿಗೆ ಹೋಗಿ ಬಟ್ಟೆ ತೆಗೆಯೆಂದಳು. ಅತ್ತೆ ನಮ್ಮಿಬ್ಬರಿಗೂ ಹೂವು ತರಲು ಹೋಗಿರೆಂದರು. ಯಾರೂ ಕದಲಲಿಲ್ಲ. ಆಗಲೂ ನನಗೆ ಅರ್ಥವಾಗಲಿಲ್ಲ. ಭಯದಲ್ಲಿದ್ದವರು ಎದುರಿಗಿದ್ದದ್ದನ್ನು ನೋಡುವುದಿಲ್ಲ.

ಆರು ಗಂಟೆಗೆ ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ಹೊರಗೆ ಬೆಳಕು ಇಳಿಯುತ್ತಿತ್ತು. ದೀಪ ಹಚ್ಚದಿದ್ದರೆ ಆ ಹೊತ್ತು ಬರುವುದೇ ಇಲ್ಲವೆನ್ನುವಂತೆ ಬೆಂಕಿಪೊಟ್ಟಣವನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಅತ್ತೆಯೇ ಎದ್ದರು. ನಾನು ನಮ್ಮವರ ಬೆನ್ನಿಗೆ ದಿಂಬು ಒತ್ತಿ, ಒಂದು ಕೈಯಲ್ಲಿ ಮಾತ್ರೆ ಹಿಡಿದು, ಇನ್ನೊಂದು ಕೈಯಲ್ಲಿ ಅವರ ಕೈ ಹಿಡಿದು ಕೂತೆ. ಅವರ ಕಣ್ಣು ಮಗಳ ಮೇಲಿತ್ತು. ಅತ್ತೆ ಕಡ್ಡಿ ಗೀರಿದರು.

ವೇಣಿ ಮೂರು ವರ್ಷದವಳಿದ್ದಾಗ ನಾನು ಎಲ್ಲಿಂದಲಾದರೂ ಬಂದರೆ ಓಡಿ ಬಂದು ತಲೆಯಿಂದ ನನ್ನ ಎದೆಗೆ ಗುದ್ದುತ್ತಿದ್ದಳು. ಅಷ್ಟೇ ಇತ್ತು ನನ್ನ ಎದೆಗೆ ಬಂದದ್ದು. ಇದು ಶುರು, ಮುಂದೆ ಬರುತ್ತದೆ ಎಂದು ಉಸಿರು ಬಿಗಿಹಿಡಿದೆ. ಮುಂದೆ ಏನೂ ಬರಲಿಲ್ಲ. ಅಂಗಳದಲ್ಲಿ ತಗಡು ಟಕ್ ಟಕ್ ಎಂದು ನೇರವಾಗುವ ಶಬ್ದ ಕೇಳಿಸಿತು. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ತಿರುಗಿ ಅವರ ಮುಖ ನೋಡಿದೆ.

ಅವರು ಪಕ್ಕೆಯ ಕೆಳಗೆ ಕೈಯಿಟ್ಟುಕೊಂಡು ಕೂತಿದ್ದರು.

"ಇಷ್ಟೇನಾ?" ಎಂದರು.

ನಾನು ಅಳಲಿಲ್ಲ, ನಗಲಿಲ್ಲ. ಕೈಯಲ್ಲಿದ್ದ ಮಾತ್ರೆಯನ್ನು ಬಿಗಿಯಾಗಿ ಹಿಡಿದಿದ್ದೆ, ಅದು ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು. ಅವರ ನಾಡಿ ಹಿಡಿದು ನೋಡಿದೆ. ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಆಗ ಹಿಂದಿನಿಂದ ಅತ್ತೆ ಅಯ್ಯ ಶಿವನೇ ಎಂದು ನರಳಿ ಎದೆ ನೀವಿಕೊಂಡದ್ದು ಕೇಳಿಸಿತು. ವೇಣಿಯೂ ಎದೆ ನೀವಿಕೊಳ್ಳುತ್ತಿದ್ದಳು. ನನ್ನ ಕೈ ನನ್ನ ಎದೆಯ ಮೇಲೇ ಇತ್ತು. ನಾವು ಮೂವರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು.

"ಯಾವ ಕಚೇರಿ?" ಎಂದು ಅತ್ತೆ ನನ್ನನ್ನು ಕೇಳಿದರು.

"ಸ್ಟೇಷನ್. ನೀವು?"

"ಕೋಟೆ. ಕೊಟ್ರನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬಂದ ವಾರಾನೇ. ನಂಗೆ ಎಪ್ಪತ್ತೆರಡಾಯ್ತು, ಇನ್ನೇನು ಉಳಿಸ್ಕೊಳ್ಳೋದೈತೆ."

ವೇಣಿ ಹೊಸ ಬಡಾವಣೆ ಎಂದಳು. ಲೈಸೆನ್ಸ್ ಬಂದ ದಿನವೇ ಹೋಗಿದ್ದಳಂತೆ. ಮೊದಲೇ ಪಾಲಿಸಿ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ಬರೆದಿದ್ದಳು. ಅತ್ತೆಯೂ ಇಲ್ಲವೆಂದೇ ಹೇಳಿದ್ದರು. ಒಂದೇ ಮನೆಯ ಮೂರು ಹೆಂಗಸರು ಒಂದೇ ಸುಳ್ಳನ್ನು ಮೂರು ಕಚೇರಿಗಳಲ್ಲಿ ಹೇಳಿ ಬಂದು, ಒಬ್ಬರಿಗೊಬ್ಬರು ಏನೂ ತಿಳಿಯದವರಂತೆ ರೊಟ್ಟಿ ತಟ್ಟಿಕೊಂಡಿದ್ದೆವು. ನಮ್ಮವರು ಬಹಳ ಹೊತ್ತು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಬೈಯಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಹೊರಗಿನಿಂದ ಆಂಬುಲೆನ್ಸಿನವನು ಬಾಗಿಲು ತಟ್ಟಿ, ಹೊರಡುವುದಾ ಬೇಡವಾ ಎಂದು ಕೇಳಿದ. ಹೋಗಿ ಬಾರಪ್ಪ ಎಂದು ಒಂದು ಬುಟ್ಟಿ ರೊಟ್ಟಿ ಚೂರು ಕೊಟ್ಟು ಕಳಿಸಿದೆ. ಖಾಲಿ ಗಾಡಿ ಹಿಂದಕ್ಕೆ ಹೋಗುವುದನ್ನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ.

ಆಗ ನನಗೆ ಆ ಲಾರಿ ಅಣ್ಣತಮ್ಮಂದಿರು ನೆನಪಾದರು. ಇಬ್ಬರೂ ಹಾಸಿಗೆ ಹಿಡಿದದ್ದನ್ನು ನೋಡಿ ಊರು ಪೆಟ್ಟು ಎರಡಾಯಿತೆಂದು ಹೇಳಿಕೊಂಡು ಬಂದಿತ್ತು. ಒಬ್ಬನೇ ಆಗಿದ್ದರೆ ಆ ಹಾಸಿಗೆಯಿಂದ ಏಳುತ್ತಿರಲಿಲ್ಲ ಎನ್ನುವುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನನಗೂ.

ಮುರಿದ ರೊಟ್ಟಿಗೆ ಬಿಸಿ ಸಾರು ಹಾಕಿಕೊಂಡು ಉಂಡೆವು. ಉಂಡ ಮೇಲೆ ಅರಿಸಿನ, ಸುಣ್ಣ ಕಲಸಿ ಎಲ್ಲರಿಗೂ ಹಚ್ಚಲು ಕೂತೆ. ಪ್ರತಿಯೊಬ್ಬರ ಎದೆಯ ಮೇಲೂ ಅಡ್ಡಕ್ಕೆ ಎರಡೆರಡು ಕೆಂಪು ಗೆರೆ ಎದ್ದಿದ್ದವು, ಜಾಲರಿಯ ಪಟ್ಟಿಯಷ್ಟೇ ಅಗಲ. ಒಬ್ಬೊಬ್ಬರಿಗೆ ಒಂದೊಂದು ಎತ್ತರದಲ್ಲಿ. ಅತ್ತೆಗೆ ಕೊರಳಿನ ಮೂಳೆಯ ಕೆಳಗೆ. ನನಗೆ ಅದರಿಂದ ನಾಲ್ಕು ಬೆರಳು ಕೆಳಗೆ. ವೇಣಿಗೆ ಎದೆಗುಂಡಿಗೆಯ ಕೆಳಗೆ. ಅವರಪ್ಪನಿಗೆ ಎಲ್ಲಕ್ಕಿಂತ ಕೆಳಗೆ, ಪಕ್ಕೆ ಮುಗಿಯುವಲ್ಲಿ. ವೇಣಿ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಬೆರಳಿಟ್ಟು ಎಣಿಸಿದಳು. ಅಜ್ಜಿಯದು ಒಂದು, ಎರಡು. ಅಮ್ಮನದು ಮೂರು, ನಾಲ್ಕು. ಅಲ್ಲಿ ನಿಂತಳು. ತನ್ನದನ್ನು ನೋಡಿಕೊಂಡು ಏಳು, ಎಂಟು ಎಂದಳು. ಅಪ್ಪನದು ಒಂಬತ್ತು, ಹತ್ತು.

"ಐದು, ಆರು ಎಲ್ಲಿ?" ಎಂದಳು.

ಕಂದೀಲು ತೆಗೆದುಕೊಂಡು ಅಂಗಳಕ್ಕೆ ಹೋಗಿ ಕಾರು ನೋಡಿ ಬಂದಳು. ಹತ್ತೂ ಪಟ್ಟಿ ನೇರವಾಗಿದ್ದವು. ಐದು, ಆರು ಇಳಿದಿದ್ದವು, ನಮ್ಮ ಮನೆಯಲ್ಲಲ್ಲ. ನಾನು ಅವರ ಎದೆಯ ಮೇಲೆ ಕೈಯಾಡಿಸಿದೆ. ಐದೂ ಆರೂ ಬೀಳಬೇಕಾಗಿದ್ದ ಜಾಗದಲ್ಲಿ ಆಪರೇಷನ್ನಿನ ಹೊಲಿಗೆ ಇತ್ತು. ಅದರ ಮೇಲೆ ಒಂದು ಚೂರೂ ಕೆಂಪಿರಲಿಲ್ಲ.

ಊರಿನ ಐದು ಕಚೇರಿಗಳಲ್ಲಿ ಉಳಿದದ್ದು ಕೆರೆ ಏರಿಯದು. ಆ ದಾರಿಯಲ್ಲಿ ಯಾರ ಮನೆಯಿದೆಯೆಂದು ನಾವ್ಯಾರೂ ಹೇಳಲಿಲ್ಲ. ಅತ್ತೆ ಗೋಡೆಯ ಮೇಲಿನ ಗಡಿಯಾರ ನೋಡಿ, "ಐದಕ್ಕೇ ಏಣಿ ಇಳೀತಾನಂತೆ," ಎಂದು ತಮಗೆ ತಾವೇ ಹೇಳಿಕೊಂಡರು. ನಮ್ಮವರು ಗೋಡೆಯ ಕಡೆಗೆ ಹೊರಳಿ ಮಲಗಿದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಸ್ನಾನ ಮಾಡಿ ಅಂಗಿ ಹಾಕಿಕೊಂಡು ಕೂತಿದ್ದರು. ಬಿಸಿ ರೊಟ್ಟಿ ಕಟ್ಟೆಂದರು. ಎಷ್ಟು ಎಂದು ಕೇಳಿದ್ದಕ್ಕೆ, ಅವನು ಎಷ್ಟು ತಿಂತಾನೋ ನಿನಗೇ ಗೊತ್ತಲ್ಲ ಎಂದರು. ನಾಲ್ವರೂ ನಡೆದುಕೊಂಡೇ ಹೋದೆವು, ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ. ಬಕ್ಕೇಶ ಜಗುಲಿಯ ಮೇಲೆ ಕೂತು ಒಂದು ಸಣ್ಣ ಹಲಗೆಗೆ ಬಿಳಿ ಬಣ್ಣ ಹೊಡೆಯುತ್ತಿದ್ದ. ಬೆಳಗಿನ ಸೆಕೆಯಲ್ಲೂ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿದ್ದ. ನಮ್ಮನ್ನು ನೋಡಿ ಕುಂಚ ಕೆಳಗಿಟ್ಟ. ಮೊದಲು ವೇಣಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ನಿಂಗೆ ಎಲ್ಲೂ ತಗಲಿಲ್ವಲ್ಲವ್ವ?" ಎಂದ. ಚಿಕ್ಕಪ್ಪ ಎಂದು ಅವಳು ಅಳಲು ಶುರುಮಾಡಿದಳು.

ನಮ್ಮವರು ಜಗುಲಿ ಹತ್ತಿ ತಮ್ಮನ ಎದುರಿಗೆ ನಿಂತರು.

"ಗುಂಡಿ ಬಿಚ್ಚೋ."

ಅವನು ಬಿಚ್ಚಲಿಲ್ಲ. ಅವರೇ ಬಗ್ಗಿ ಒಂದೊಂದಾಗಿ ಬಿಚ್ಚಿದರು. ಎದೆಯ ನಟ್ಟನಡುವೆ, ಅಡ್ಡಕ್ಕೆ, ಎರಡು ಗೆರೆ.

"ಯಾವಾಗ ಹಾಕಿದ್ದು ಸಹಿ?"

"ನೀನು ಬೈದೆಯಲ್ಲ, ಅದರ ಮಾರನೇ ದಿನ."

"ಮೂರು ವರ್ಷ! ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ನನ್ನ ಕೈಲೇ ತೆಗೆಸಿಬಿಡ್ತಿದ್ದೆ. ನಿನ್ನ ಡ್ರೈವಿಂಗ್ ನಂಗೆ ಗೊತ್ತಿಲ್ವಾ ಅಣ್ಣ? ಬ್ಯಾಂಕಿನ ಕಂಬಕ್ಕೆ ಗುದ್ದಿದಾಗ ನಾನು ಎರಡು ದಿನ ಕುಂಚ ಹಿಡಿಯೋಕಾಗಲಿಲ್ಲ. ನೀನು ನೋಡಿದ್ರೆ ಚಹಾದಂಗಡೀಲಿ ಕಬ್ಬಿಣ, ಕಬ್ಬಿಣ ಅಂತ ತೋಳು ತೋರಿಸ್ಕೊಂಡು ಕೂತಿದ್ದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನಮ್ಮವರು ಅಂಗಿಯ ಗುಂಡಿಗಳನ್ನು ಮತ್ತೆ ಹಾಕಲು ಹೋದರು. ಗುಂಡಿ ಕಾಜಕ್ಕೆ ಸೇರಲಿಲ್ಲ. ಬಿಟ್ಟು ಅಲ್ಲೇ ತಮ್ಮನ ಪಕ್ಕದಲ್ಲಿ ಕೂತರು. ಕ್ಷಮಿಸು ಎಂದು ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಹೇಳಿದರೋ ಇಲ್ಲವೋ ನಾನು ಕೇಳಲೂ ಇಲ್ಲ. ರೊಟ್ಟಿಯ ಗಂಟು ಬಿಚ್ಚಿ ಇಬ್ಬರ ನಡುವೆ ಇಟ್ಟೆ. ಬಕ್ಕೇಶ ಐದು ತಿಂದ. ಮೊದಲೂ ಐದೇ ತಿನ್ನುತ್ತಿದ್ದ. ಆಮೇಲೆ ಅವನ ಎದೆಗೆ ಅರಿಸಿನ ಸುಣ್ಣ ಹಚ್ಚಿದೆ. ಅತ್ತಿಗೆ, ಉರಿಯುತ್ತೆ ಎಂದು ಮಗುವಿನ ಹಾಗೆ ಮುಖ ಕಿವುಚಿದ.

ಸ್ಟೇಷನ್ ಕಚೇರಿಗೆ ಹೋಗಿ ನಾನು ಮುಪ್ಪಣ್ಣನವರಿಗೆ ಎಲ್ಲ ಹೇಳಿದೆ. ಸುಳ್ಳು ಬರೆಸಿದ್ದಕ್ಕೆ ಏನು ಶಿಕ್ಷೆಯೋ ಆಗಲಿ ಎಂದೆ. ಅವರು ತಲೆಯೆತ್ತಿ ಮೇಲಿನ ಬೋರ್ಡನ್ನು ನೋಡಿದರು. ತಮ್ಮ ಹೆಂಡತಿಯ ಸ್ಕೂಟರಿಗೆ ಇನ್ನೊಂದು ಫಾರಂ ತುಂಬಬೇಕು, ಕೋಟೆ ಕಚೇರಿ ಎಷ್ಟು ಗಂಟೆಗೆ ತೆಗೆಯುತ್ತಾರೆ ಗೊತ್ತೇ ಎಂದು ಕೇಳಿದರು. ನಾನು ಹತ್ತೂವರೆಗೆ ಎಂದೆ. ಬೋರ್ಡು ಇನ್ನೂ ಹಾಗೆಯೇ ಇದೆ. ಅದನ್ನು ಇಳಿಸಿ ಬೇರೆ ಬರೆಯೆಂದು ಬಕ್ಕೇಶನಿಗೆ ಯಾರೂ ಹೇಳಿಲ್ಲ. ಆದರೆ ಕಚೇರಿಗಳಲ್ಲಿ ಈಗ ಆ ಒಂದು ಪ್ರಶ್ನೆಯನ್ನು ಕೇಳುವಾಗ ಗುಮಾಸ್ತರು ಕಿಟಕಿಯ ಆಚೆ ನೋಡುತ್ತಾರಂತೆ.

ಇನ್ನೊಂದು ವಿಷಯ ಬರೆದು ರೊಟ್ಟಿ ಮಗುಚಲು ಹೋಗಬೇಕು. ಸೋಮವಾರ ಮತ್ತೆ ಹಾಸ್ಟೆಲಿಗೆ ರೊಟ್ಟಿ ಹೊರಡಬೇಕಿತ್ತು. ವೇಣಿ ಕಾರಿನಲ್ಲಿ ಕೂತಳು, ಕೀಲಿ ಹಾಕಿದಳು, ತಿರುಗಿಸಲಿಲ್ಲ. ಅವಳ ಕೈ ಸ್ಟೇರಿಂಗಿನ ಮೇಲೆ ಸುಮ್ಮನೆ ಕೂತಿತ್ತು. ಬಕ್ಕೇಶ ಅವಳ ಪಕ್ಕದಲ್ಲಿ ಕೂತಿದ್ದ. ಅತ್ತೆ ಬುಟ್ಟಿಗಳ ನಡುವೆ ಹಿಂದೆ ಕೂತಿದ್ದರು, ಬೇಡವೆಂದರೂ ಕೇಳದೆ. ನಾನು ಗೇಟು ಹಿಡಿದು ನಿಂತಿದ್ದೆ. ನಮ್ಮವರು ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಯಾರ ಮೈ?" ಎಂದು ವೇಣಿ ಕೇಳಿದಳು. ದನಿ ಸಣ್ಣಗಿತ್ತು.

ನನ್ನದು ಎಂದು ನಾಲ್ಕು ಕಡೆಯಿಂದ ಒಟ್ಟಿಗೆ ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ವೇಣಿ ಒಂದು ಗಳಿಗೆ ನಕ್ಕಳು, ಆದರೂ ಕೀಲಿ ತಿರುಗಿಸಲಿಲ್ಲ. ಆಗ ಅತ್ತೆ ಹಿಂದಿನಿಂದ ಮುಂದಕ್ಕೆ ಬಾಗಿ ಮೊಮ್ಮಗಳ ಭುಜವನ್ನು ತಟ್ಟಿದರು.

"ನಿಂದೂ ಐತಲ್ಲೇ. ಅದನ್ನ ಬಿಟ್ಟು ಎಣಿಸ್ತೀಯಲ್ಲ," ಎಂದರು. "ನಡಿ."

ಕಾರು ಮೆಲ್ಲಗೆ ಗೇಟು ದಾಟಿತು. ಗೇಟಿನ ಕಂಬಕ್ಕೂ ಕಾರಿಗೂ ಒಂದು ಗೇಣು ಜಾಗ ಉಳಿದಿತ್ತು. ನಾನು ನೋಡಿದೆ. ತಿರುವು ದಾಟುವವರೆಗೂ ನೋಡಿ, ಒಳಗೆ ಬಂದು ಹಂಚು ಇಟ್ಟೆ.